ಉದ್ದಪ್ಪನಿಗೆ ಅರ್ಧ ಸಾಲದು

“ದಿನಾ ನಸುಕಿನ್ಯಾಗ ತುಕ್ಕಾನಟ್ಟಿಯಿಂದ ಹತ್ತಾರ ಮೈಲಿ ದೂರದ ಸಂಕೇಶ್ವರಕ್ಕ ನಡಕೊಂತ ಹೋಗಿ, ಹಿರಣ್ಯಕೇಶಿ ಹೊಳ್ಯಾಗ ಮಾರಿ ತೊಳಕೊಂಡು, ಹಾಲಿನಾಂವ ಬರೂದ್ರಾಗ ಹೊಳ್ಳಿ ಮನ್ಯಾಗ ಇರತೇನ್ರಿ,” ಎಂದ ಉದ್ದಪ್ಪ. ಹಾಗೆನ್ನುವಾಗ ಆ ಎಂಬತ್ತರ ಮುದುಕ ಸೊಂಟದ ಕೀಲಿನ ಮೂಳೆ ಮುರಿದುಕೊಂಡು, ಗೋಕಾಕದ ಆಸ್ಪತ್ರೆಯೊಂದರಲ್ಲಿ ಅಂಗಾತ ಬಿದ್ದಿದ್ದ.

ಅವನನ್ನು ಕೂರಿಸಿ ಹೊತ್ತು ತಂದಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಈಗ ಹೆಂಡತಿ ಶಿವಗಂಗವ್ವ ಕೂತಿದ್ದಳು. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಲಗ್ನವಾದಾಗಿನಿಂದ ಈ ಬಾಯಿಯ ಜೊತೆ ಏಗಿದ್ದಾಳೆ. ಜೀವ ಹೋಗುವ ಜಾಗದಲ್ಲೂ ಅದು ಸುಮ್ಮನಿರದೆಂದು ಮಾತ್ರ ಅಂದುಕೊಂಡಿರಲಿಲ್ಲ.

ಡಾಕ್ಟರ್ ಶೀತಲ್ ಆಗಷ್ಟೇ ಎಲ್ಲ ಬಿಡಿಸಿ ಹೇಳಿದ್ದರು. ಮುರಿದ ಮೂಳೆ ಜಾಗ ಬಿಟ್ಟು ಸರಿದಿದೆ, ಸ್ಕ್ರೂ ಹಾಕಿ ಕೂಡಿಸಿದರೆ ನಿಲ್ಲುವ ಭರವಸೆ ಕಡಿಮೆ. ಅರ್ಧ ಕೀಲು ಬದಲಿಸಿದರೆ ತೊಡೆಮೂಳೆಯ ತುದಿಗೆ ಹೊಸ ಗುಂಡು ಮಾತ್ರ. ಪೂರ್ತಿ ಎಂದರೆ ಗುಂಡೂ ಹೊಸದು, ಅದು ಕೂಡುವ ಬಟ್ಟಲೂ ಹೊಸದು. ಹೊರಗೆ ಚೆನ್ನಾಗಿ ಓಡಾಡುತ್ತಿದ್ದವರಿಗೆ ಪೂರ್ತಿ. ಮನೆಯೊಳಗೇ ಇರುವವರಿಗೆ ಅರ್ಧವೇ ಮೇಲು, ಬೇಗ ಮುಗಿಯುತ್ತದೆ. ಉದ್ದಪ್ಪನ ಹೃದಯವೋ ಮೊದಲೇ ಸೋತಿದೆ, ಹೆಚ್ಚು ಹೊತ್ತಿನ ಆಪರೇಷನ್ ತಡೆಯುವುದು ಕಷ್ಟ. ಬೀಳುವ ಮೊದಲು ಎಷ್ಟು ನಡೆಯುತ್ತಿದ್ದಿರಿ ಎಂದು ಕೇಳಿದ್ದು ಅದಕ್ಕೇ.

“ನಾ ಅರ್ಧಾ ಊಟಾನೂ ಮಾಡಿದಾಂವಲ್ರಿ,” ಉದ್ದಪ್ಪ ಹುಬ್ಬು ಹಾರಿಸಿದ. “ಮೊನ್ನೆ ಹುಕ್ಕೇರಿ ಸಂತಿಗೆ ಹೊಂಟಾಗ ಬಸ್ಸ ನನ್ನ ಹಿಂದ ಉಳೀತು.”

ಎಲ್ಲ ಸುಳ್ಳೆಂದು ಶಿವಗಂಗವ್ವ ತಡೆದಳು.

“ಈಕಿಗೇನ ಗೊತ್ತರಿ ಸಾಹೇಬ್ರ, ನಾ ಹೋಗಿ ಬರೂ ತನಕಾ ಮಲಗೇ ಇರತಾಳ.”

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ಸಂಕೇಶ್ವರವನ್ನು ನಂಬದಿದ್ದರೂ, ಆ ಗತ್ತಿಗೆ ಮುದುಕನ ಕಡೆಗೇ ವಾಲಿದಂತಿತ್ತು.

ಶಿವಗಂಗವ್ವ ಎದ್ದಳು. ಕುರ್ಚಿಯನ್ನು ತಲೆಕೆಳಗು ಮಾಡಿ ಮಂಚದ ತುದಿಗೆ ಇಟ್ಟಳು. ಮುಂದಿನ ಎರಡೂ ಕಾಲುಗಳು ನೆಲಕ್ಕೆ ಉಜ್ಜಿ ಉಜ್ಜಿ, ಕುಡುಗೋಲಿನಿಂದ ಕೊಯ್ದ ಹಾಗೆ ಓರೆಯಾಗಿ ಸವೆದಿದ್ದವು.

“ಎರಡ ವರ್ಷಾತರಿ, ಇವರು ಇದನ್ನ ದಬ್ಬಿಕೊಂತ ನಡ್ಯಾಕ ಹತ್ತಿ. ಇವರ ಮಾತ ಕೇಳಿ ಪೂರ್ತಿ ಮಾಡಾಕ ಹೋಗಿ ಜೀವಾ ತಗದೀರಿ.”

ಉದ್ದಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. “ನಡಿಯೋರಿಗೆ ಪೂರ್ತಿ ಅಂದ್ರಲ್ರಿ. ಪೂರ್ತಿ ಹಾಕಿಸ್ಕೊಂಡ್ರ ನಡೀತೇನಿ ಅಂತ ತಿಳಕೊಂಡ್ನಿ.”

ಡಾಕ್ಟರು ಮಂಚದ ಹತ್ತಿರ ಬಗ್ಗಿದರು. “ಅಜ್ಜಾರ, ಈಗ ಖರೆ ಹೇಳ್ರಿ. ಎಲ್ಲೀ ತನಕಾ ನಡೀತಿದ್ರಿ?”

“ಪಡಸಾಲಿಯಿಂದ ಬಚ್ಚಲದ ತನಕರಿ,” ಎಂದ ಗೋಡೆಗೆ. “ಅದೂ ಕುರ್ಚಿ ನಡೀತಿತ್ತು. ನಾ ಅದರ ಬೆನ್ನ ಹತ್ತಿ ಹೋಗತಿದ್ದೆ.”