ಅತಿಯಾಗಿ ಬಾಗಿದ ಬೆನ್ನು

ಮಾರಿದ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಮಾರಿದವರು ವಂದನೆಗೆ ಬಾಗಿಯೇ ಇರಬೇಕೆಂಬುದು ತೊಯೊಹಾಶಿ ಊರಿನ ಆ ಕಾರು ಮಳಿಗೆಯ ಪದ್ಧತಿ. ಮಾರಾಟದ ಹುಡುಗಿ ಚಿಜುರು ಹಾಗೆ ಬಾಗಿ ನಿಂತಿದ್ದಾಗ, ಹೊರಟ ಕಾರು ಮೆಲ್ಲಗೆ ಹಿಂದಕ್ಕೆ ಬಂತು. ಮುಂದಿನ ಸಾಲಿನಲ್ಲೇ ಮೂವರು ಕೂರಬಹುದಾದ, ಊರಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಕಾರು ಅದು. ಅದನ್ನು ಕೊಂಡ ಮುದುಕ ಕುರೊಯಾನಗಿ ಕಿಟಕಿ ಇಳಿಸಿದ.

"ಕನ್ನಡೀಲಿ ನೋಡ್ದೆ ಕಣಮ್ಮಾ. ಥ್ಯಾಂಕ್ಸ್ ಹೇಳೋರು ಇಷ್ಟು ಬಗ್ಗಲ್ಲ. ತಪ್ಪಾಯ್ತು ಅನ್ನೋರು ಬಗ್ತಾರೆ. ಗಾಡೀಲೇನು ಐಬು?"

ಚಿಜುರುವಿನ ಕಿವಿಗಳು ಬಿಸಿಯಾದವು. ಅವಳನ್ನು ಕೇಳದೆಯೇ ಬೆನ್ನು ಅಷ್ಟು ಬಾಗಿತ್ತು. ಗಾಜಿನಾಚೆಯಿಂದ ಮ್ಯಾನೇಜರ್ ನೋಡುತ್ತಿದ್ದರು.

"ಗಾಡೀಲಿ ಐಬಿಲ್ಲ ಅಜ್ಜಾ. ಯಾರೂ ಕೊಳ್ಲಿಲ್ಲ, ಅಷ್ಟೆ. ಇದನ್ನ ಮಾಡೋದೇ ನಿಲ್ಸಿದೀವಿ ಅಂತ ಬೆಳಿಗ್ಗೆ ಕಂಪನಿಯಿಂದ ಫೋನ್ ಬಂತು. ನೀವು ತಗೊಂಡು ಹೋದ್ಮೇಲೆ ಹೇಳಿದ್ರಾಯ್ತು ಅಂದ್ರು ಮ್ಯಾನೇಜರ್. ನಾನೂ ಹೂಂ ಅಂದೆ."

"ಇನ್ಮೇಲೆ ಎಲ್ರ ಮನೇಲೂ ಇದೇ ಇರುತ್ತೆ ಅಂದೋಳು ನೀನೇ ತಾನೆ?"

"ನಾನೇ. ಆಗ ನಂಬಿದ್ದೆ."

ಹೇಳುತ್ತಲೇ ಅವಳು ಮತ್ತಷ್ಟು ಬಾಗಿದಳು.

"ಸಾಕು ಬಿಡಮ್ಮಾ, ನೆಲಕ್ಕೆ ತಾಗ್ತೀಯ. ಗಾಡಿ ನೀವೇ ಇಟ್ಕೊಳ್ಳಿ," ಎಂದು ಮುದುಕ ಎಂಜಿನ್ ಆರಿಸಿ ಕಾರಿನ ಬೀಗದ ಕೈಯನ್ನು ಹೊರಗೆ ಚಾಚಿದ. ಗಿರಾಕಿ ಏನು ಕೊಟ್ಟರೂ ತೆಗೆದುಕೊಳ್ಳುವ ರೂಢಿಯಂತೆ, ಅವಳು ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡಳು.