ಮುರಿದು ಬಂದ ಬೈಕು

ಅಳಿಯ ತೀರಿಕೊಂಡ ಸುದ್ದಿ ಬಂದ ದಿನ ಗುರುಸಿದ್ದಯ್ಯನವರು ಮಗಳ ಮನೆಗೆ ಓಡಿ ಬಂದರು. ಆನ್‌ಲೈನಿನಲ್ಲಿ ತರಿಸಿದ ಎಲೆಕ್ಟ್ರಿಕ್ ಬೈಕಿನ ಬ್ರೇಕು ಸಾಗಣೆಯಲ್ಲೇ ಮುರಿದಿತ್ತಂತೆ. ಹೇಗೋ ರಿಪೇರಿ ಮಾಡಿಸಿ ಓಡಿಸುತ್ತಿದ್ದನಂತೆ. ಇಂದು ಇಳಿಜಾರಿನಲ್ಲಿ ಅದು ಹಿಡಿಯಲೇ ಇಲ್ಲವಂತೆ.

"ಮುರದ ಗಾಡಿ ಕಳಿಸಿದವ್ರ ವಂಶ ನಿರ್ವಂಶ ಆಗ್ಲಿ!" ಎಂದು ಶಪಿಸಿದರು. "ಅಂವ ಅದನ್ನ ಯಾಕ ವಾಪಸ್ ಕಳಿಸ್ಲಿಲ್ಲವ್ವಾ?"

"ಕೇಳಿದ್ರು. ಗಾಡಿ ಬಂದ ಎರಡು ದಿನದಾಗ ಹೇಳಬೇಕಿತ್ತು, ತಡ ಆತು ಅಂದ್ರಂತ ಕಂಪನಿಯವ್ರು."

"ಎರಡು ದಿನ ಏನ್ ಮಾಡಾಕತ್ತಿದ್ದ, ನಿದ್ದಿ ಹೊಡಿತಿದ್ನೇನು?"

ಮಗಳು ಕಣ್ಣೊರೆಸಿಕೊಂಡು ತಂದೆಯ ಮುಖ ನೋಡಿದಳು.

"ಪೆಟಗಿ ಬಿಚ್ಚದ ಕಾಯ್ದ್ರು. ಅಮಾಸಿ ಪೂಜಾ ಆಗೂತನಕ ಮುಟ್ಟಬ್ಯಾಡ್ರಿ ಅಂದಿದ್ರಲ್ಲ ನೀವು. ಕೈ ಮುಗೀರಿ ಅಪ್ಪಾ, ಅವರ ಆತ್ಮಕ್ಕ ಶಾಂತಿ ಸಿಗ್ಲಿ."