ಮನೆ ತೋರಿಸುವ ಶಾಸ್ತ್ರ

ಬಸ್ ಓಡಿಸುವ ಮನೆ ಮಾಲಕಿ ಬೆಳಗಿನ ಪಾಳಿಗೆ ಹೊರಟು ಬಾಗಿಲು ಎಳೆದುಕೊಂಡದ್ದೇ ತಡ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ ಹಾಲ್‌ಗೆ ಬಂದಳು. ಸೋಫಾ ಮೇಲೆ ಮಹಾರಾಣಿಯ ಹಾಗೆ ಕೂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ಬಾಡಿಗೆಯವರು ಹಾಲ್ ಕಡೆ ತಲೆ ಹಾಕುವಂತಿಲ್ಲ ಅಂತ ಮಾಲಕಿ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದಳು. ಆದರೆ ಏನು ಮಾಡುವುದು? ಪರದೇಶಕ್ಕೆ ಬಂದಾಗಿನಿಂದ ಅಮ್ಮನ ಮುಂದೆ ದೊಡ್ಡ ಮನೆ, ದೊಡ್ಡ ಹಾಲ್ ಅಂತ ಬುರುಡೆ ಬಿಟ್ಟದ್ದೇ ಬಿಟ್ಟದ್ದು. ಈಗ ಅಮ್ಮ, ಮನೆ ತೋರಿಸಲೇಬೇಕು ಅಂತ ಪಟ್ಟು ಹಿಡಿದಿದ್ದಳು.

ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ. "ಕಟ್ಟಿಸಿದ ಹಲ್ಲಿಗೆ ಮೇಣ ಮೆತ್ತೋಕೆ ಅಷ್ಟು ದೂರ ಹೋಗ್ಬೇಕಾ? ನೋಡ್ತಿರಿ, ಅಳ್ತಾ ವಾಪಸ್ ಬರ್ತಾಳೆ" ಅಂತ ದೊಡ್ಡಪ್ಪ ನಾಲ್ಕು ಜನರೆದುರು ಆಡಿಕೊಂಡಿದ್ದರು. ಆಗ ಅಮ್ಮ ಒಬ್ಬಳೇ ಮಗಳ ಪರ ನಿಂತಿದ್ದಳು. ಮೆಟ್ಟಿಲ ಕೆಳಗಿನ ಗೂಡು ಕಂಡರೆ ಆ ಅಮ್ಮನೇ, ಗಂಟುಮೂಟೆ ಕಟ್ಟು ಅಂದುಬಿಟ್ಟರೆ? ಅದೊಂದೇ ಹೆದರಿಕೆ ಅವಳಿಗೆ. ಅವಳಿಗೆ ಆ ಕೆಲಸ ನಿಜಕ್ಕೂ ಇಷ್ಟ.

"ಅಬ್ಬಬ್ಬಾ, ಎಷ್ಟು ದೊಡ್ಡ ಕಿಟಕಿ! ಪರದೆ ನೀನೇ ಆರಿಸಿದ್ದಾ?" ಅಮ್ಮ ಫೋನಿನೊಳಗಿಂದಲೇ ಕತ್ತು ಚಾಚಿದಳು.

"ಮತ್ತಿನ್ಯಾರು?"

"ಬಣ್ಣ ಕಣ್ಣಿಗೆ ಹೊಡೆಯುತ್ತೆ. ನಿನಗೆ ಮೊದಲಿನಿಂದ್ಲೂ ಬಣ್ಣದ ಗಂಧಗಾಳಿ ಇಲ್ಲ."

ಪರದೆ ಮಾಲಕಿಯದು, ಬೈಗುಳ ತನಗೆ. ಅಷ್ಟರಲ್ಲಿ ಬೀಗ ತೆಗೆದ ಸದ್ದಾಯಿತು. ಬಸ್ ಕೆಟ್ಟಿದೆ ಅಂತ ಡಿಪೋದಿಂದ ದಾರಿಯಲ್ಲೇ ಫೋನ್ ಬಂದು, ಮಾಲಕಿ ಖಾಕಿ ಯೂನಿಫಾರ್ಮಿನಲ್ಲೇ ವಾಪಸ್ ಬಂದಿದ್ದಳು.

"ಯಾರೇ ಅದು?" ಅಮ್ಮ ಕೇಳಿದಳು.

"ಕೆಲಸದವಳಮ್ಮ." ಬಾಯಿಂದ ಜಾರಿಯೇ ಹೋಯಿತು.

"ಯೂನಿಫಾರ್ಮ್ ಹಾಕಿದ್ದಾಳೆ?"

"ಇಲ್ಲೆಲ್ಲ ಹಾಗೇ."

ಮಾಲಕಿ ಹುಬ್ಬು ಗಂಟಿಕ್ಕಿ, ತನ್ನ ಭಾಷೆಯಲ್ಲಿ, "ಇಲ್ಲೇನು ಮಾಡ್ತಿದ್ದೀಯ?" ಅಂದಳು. ಹುಡುಗಿ ಫೋನ್ ಅವಳ ಕಡೆ ತಿರುಗಿಸಿ, ಅದೇ ಭಾಷೆಯಲ್ಲಿ, "ನಮ್ಮಮ್ಮ" ಅಂದಳು. ಅದೊಂದು ಮಾತಿಗೆ ಹುಬ್ಬಿನ ಗಂಟು ಸಡಿಲವಾಯಿತು. ಮಾಲಕಿ ಟೋಪಿ ತೆಗೆದು, ತಲೆಗೂದಲು ಸರಿಮಾಡಿಕೊಂಡು, ಫೋನಿಗೆ ಕೈ ಬೀಸಿದಳು.

"ಆ ದೀಪದ ಮೇಲೆ ಧೂಳು ಹಾಗೇ ಕೂತಿದೆ, ಅವಳ ಕೈಲಿ ಒರೆಸು. ಕೆಲಸದವರನ್ನ ತಲೆ ಮೇಲೆ ಕೂರಿಸ್ಕೋಬೇಡ" ಅಂದಳು ಅಮ್ಮ.

"ಏನಂತಾರೆ ನಿಮ್ಮಮ್ಮ?" ಮಾಲಕಿ ಆಸೆಯಿಂದ ಕೇಳಿದಳು.

"ಮನೆ ತುಂಬಾ ಚೆನ್ನಾಗಿದೆಯಂತೆ."

ಮಾಲಕಿ ಹಿರಿಹಿರಿ ಹಿಗ್ಗಿದಳು. ಹುಡುಗಿಯ ಪಕ್ಕದಲ್ಲೇ ದೊಪ್ಪನೆ ಕೂತು, ಬೂಟು ಕಿತ್ತೆಸೆದು, ಟೀಪಾಯಿ ಮೇಲೆ ಕಾಲು ಚಾಚಿದಳು.

"ಅಯ್ಯಯ್ಯೋ! ಇವಳೇನೇ, ನಿನಗಿಂತ ಜೋರಾಗಿ ಕೂತ್ಲು!"

"ಇಲ್ಲಿ ಎಲ್ಲರೂ ಸಮಾನ ಅಮ್ಮ."

"ಸಮಾನ ಇರ್ಲಿ ಕಣೇ, ಟೀಪಾಯಿ ಮೇಲೆ ಕಾಲಿಡೋದು ಯಾವ ಸೀಮೆ ಸಮಾನ?"

ಇನ್ನು ಸಾಕು, ನೆಟ್‌ವರ್ಕ್ ಇಲ್ಲ ಅಂತ ಏನೋ ಒಂದು ಹೇಳಿ ಫೋನ್ ಇಡೋಣ ಅಂತ ಹುಡುಗಿ ಬಾಯಿ ತೆರೆದಳು. ಆದರೆ ಮಾಲಕಿಗೆ ಹುರುಪು ಬಂದುಬಿಟ್ಟಿತ್ತು. ಎದ್ದು ಹೋಗಿ ಗೋಡೆಯ ಮೇಲಿದ್ದ ತನ್ನ ಮದುವೆ ಫೋಟೋ ತೆಗೆದು, ಅಂಗಿಯ ತೋಳಿನಿಂದ ಒರೆಸಿ, ಫೋನಿನ ಮುಂದೆಯೇ ಹಿಡಿದಳು. ಫೋಟೋದಲ್ಲಿ ತೆಳ್ಳಗಿನ ಮಾಲಕಿ, ಅವಳ ಪಕ್ಕ ಮೀಸೆಯ ಗಂಡ, ಹಿಂದೆ ಇದೇ ಹಾಲ್, ಇದೇ ಕಿಟಕಿ. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. ತುಂಬ ಹೊತ್ತು ನೋಡಿದಳು.

"ಅಲ್ಲ ಕಣೇ, ಕೆಲಸದವಳ ಮದುವೆ ನಿನ್ನ ಹಾಲ್‌ನಲ್ಲಿ ಆಯ್ತಾ?"

ಹುಡುಗಿ ಇನ್ನೊಂದು ಸುಳ್ಳಿಗೆ ತಡಕಾಡಿದಳು. ಇಷ್ಟು ದಿನ ಕೇಳುವ ಮೊದಲೇ ಬಾಯಿಗೆ ಬರುತ್ತಿದ್ದ ಸುಳ್ಳುಗಳಲ್ಲಿ ಈಗ ಒಂದೂ ಒದಗಲಿಲ್ಲ. ದೊಡ್ಡಪ್ಪ ಗಹಗಹಿಸಿ ನಗುವುದು ಅಲ್ಲಿಂದಲೇ ಕೇಳಿಸಿದಂತಾಯಿತು.

"ಸರಿ ಬಿಡು" ಅಂದಳು ಅಮ್ಮ. ದನಿ ತಗ್ಗಿತ್ತು. "ನಿಮ್ಮ ಮನೆ ತುಂಬಾ ಚೆನ್ನಾಗಿದೆ ಅಂತ ಅವರಿಗೆ ಹೇಳು. ಈಗ ನೀನಿರೋ ಜಾಗ ತೋರಿಸು."

ಹುಡುಗಿ ಎದ್ದಳು. ಮೆಟ್ಟಿಲ ಕೆಳಗಿನ ಬಾಗಿಲು ತೆರೆದು, ತಲೆ ತಗ್ಗಿಸಿ ಒಳಹೊಕ್ಕು, ಫೋನನ್ನು ನಿಧಾನವಾಗಿ ತಿರುಗಿಸಿದಳು. ಇಳಿಜಾರು ಸೂರು. ಕಾಲು ನೀಡಿದರೆ ಬಾಗಿಲಿಗೆ ತಾಗುವ ಮಂಚ. ಮೊಳೆಗೆ ಕೋಟು, ಕೋಟಿನ ಮೇಲೆ ಟವೆಲ್ಲು. ಸ್ಟೂಲಿನ ಮೇಲೆ ಲ್ಯಾಬಿನಿಂದ ತಂದ, ಯಾರ ಬಾಯಿಗೂ ಹೊಂದದ ಒಂದು ಹಲ್ಲಿನ ಸೆಟ್ಟು. ತಿರುಗಿಸುವಷ್ಟು ಜಾಗವೂ ಇರಲಿಲ್ಲ, ಕೋಣೆ ಬೇಗ ಮುಗಿದುಹೋಯಿತು. ಅಮ್ಮ ಅತ್ತುಬಿಟ್ಟರೆ ಅಂತ ಅವಳಿಗೆ ಭಯ. ತಾನೇ ಮೊದಲು ಅತ್ತುಬಿಟ್ಟರೆ ಅಂತ ಇನ್ನೂ ಹೆಚ್ಚು ಭಯ. ಗಟ್ಟಿ ಮನಸ್ಸು ಮಾಡಿ ಫೋನನ್ನು ತನ್ನ ಮುಖದ ಕಡೆ ತಿರುಗಿಸಿಕೊಂಡಳು.

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಹಾಕಿಕೊಂಡಳು.

"ಥೂ, ಸೋಂಬೇರಿ! ಇರೋದು ಗೇಣುದ್ದ ಕೋಣೆ, ಅದರಲ್ಲೂ ಎದ್ದ ಹಾಸಿಗೆ ಮಡಚೋಕೆ ನಿನಗೇನು ದಾಡಿ?"